ಉಪ್ಪಿಲ್ಲದ ಉಪ್ಪಿನ ಕಣಿವೆ

ನಮ್ಮ ಸೀಮೆಯಲ್ಲಿ ಮನುಷ್ಯರು ಬೇಕಾದಷ್ಟು ಸುಳ್ಳು ಹೇಳುತ್ತಾರೆ, ಜಾಗದ ಹೆಸರುಗಳು ಹೇಳುವುದಿಲ್ಲ. ಕುಮ್ ಬ್ರುಯಿನ್ ಎಂದರೆ ಜೊಂಡಿನ ಕಣಿವೆ, ಕಾಲಿಟ್ಟರೆ ಮೊಣಕಾಲುದ್ದ ಜೊಂಡು. ನಾಂಟ್ ಅರ್ ಐರಾ ಎಂದರೆ ಹಿಮದ ಹಳ್ಳ, ಮೇ ತಿಂಗಳು ಮುಗಿಯುತ್ತ ಬಂದರೂ ಅದರ ಸಂದಿಯಲ್ಲಿ ಹಿಡಿ ಹಿಮ ಉಳಿದಿರುತ್ತದೆ. ಬೆಟ್ಟದ ಮಡಿಲಲ್ಲಿ ಬೋಗುಣಿಯ ಹಾಗೆ ಕುಳಿತ ಕಣಿವೆಗೆ ನಾವು ವೇಲ್ಸಿನವರು ಕುಮ್ ಎನ್ನುತ್ತೇವೆ. ಅಲ್ಲಿ ಕಣ್ಣಿಗೆ ಬಿದ್ದದ್ದನ್ನು ಅದರ ಮುಂದೆ ಸೇರಿಸಿದರೆ ನಾಮಕರಣ ಮುಗಿಯಿತು.

ತಲೆ ತಿನ್ನುತ್ತಿದ್ದದ್ದು ಕುಮ್ ಹಾಲೆನ್ ಒಂದೇ. ಹಾಲೆನ್ ಎಂದರೆ ಉಪ್ಪು. ಸಮುದ್ರ ಅಲ್ಲಿಂದ ಹದಿನೆಂಟು ಮೈಲಿ ದೂರ. ಕಣಿವೆಯ ನೀರು ಕುಡಿದರೆ ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ, ಸಿಹಿಯಾಗಿರುತ್ತದೆ. ಉಪ್ಪು ಎಲ್ಲಿಂದ ಬಂತು? ಈ ಪ್ರಶ್ನೆಗೆ ಹಾವೊದ್ ಲಾಸ್ ಮನೆಯವರ ಹತ್ತಿರ ಒಂದು ಉತ್ತರವಿತ್ತು, ಬ್ರಿನ್ ಹೀರ್ ಮನೆಯವರ ಹತ್ತಿರ ಇನ್ನೊಂದು. ಎರಡು ಮನೆಗಳ ಕುರಿಗಳೂ ಅಲ್ಲಿ ಬೆರೆತು ಮೇಯುತ್ತಿದ್ದವು. ಎರಡು ಮನೆಗಳ ಯಜಮಾನರು ಮಾತ್ರ ಪ್ರಾರ್ಥನೆಯ ಹೊತ್ತಿನಲ್ಲೂ ಚಾಪೆಲ್ಲಿನಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಿರಲಿಲ್ಲ.

ಹಾವೊದ್ ಲಾಸ್‌ನ ಯಜಮಾನಿ ನೆಸ್ಟಾ. ಐವತ್ತು ವರ್ಷ, ಗಂಡ ತೀರಿಕೊಂಡು ಎಂಟು ವರ್ಷ, ಕೋಪ ಮೂಗಿನ ತುದಿಯಲ್ಲೇ. ಬ್ರಿನ್ ಹೀರ್‌ನ ಯಜಮಾನ ಇಡ್ವಲ್. ಅವನಿಗೂ ಐವತ್ತು, ಮದುವೆಯಾಗಿಲ್ಲ, ತಂಗಿ ಕಾದಿಯ ಕೈಯಡುಗೆಯಲ್ಲಿ ಬೆಳೆದ ಹೊಟ್ಟೆ. ನೆಸ್ಟಾ ಮತ್ತು ಇಡ್ವಲ್ ಶಾಲೆಯಲ್ಲಿ ಒಂದೇ ತರಗತಿ. ಸ್ಲೇಟು ಒಡೆದವರು ಯಾರು ಎಂದು ಅಂದು ಶುರುವಾದ ಜಗಳ ಬೆಳೆದು ದೊಡ್ಡದಾಗಿ ಕುಮ್ ಹಾಲೆನ್ ಯಾರದು ಎಂಬಲ್ಲಿಗೆ ಬಂದು ನಿಂತಿತ್ತು.

ಸಾವಿರದ ಒಂಬೈನೂರ ಎಪ್ಪತ್ತಮೂರರ ಜೂನ್‌ನಲ್ಲಿ ಅದಕ್ಕೆ ಕೊನೆ ಕಾಣುವ ಹೊತ್ತು ಬಂತು. ಬೆಟ್ಟದ ಪ್ರತಿಯೊಂದು ಮೇವಿನ ಜಾಗವನ್ನೂ ಒಂದು ಮನೆಯ ಹೆಸರಿಗೆ ಬರೆಸಬೇಕೆಂದು ಸರ್ಕಾರ ಹೊರಡಿಸಿದ ಆದೇಶಕ್ಕೆ ಇಬ್ಬರೂ ಕುಮ್ ಹಾಲೆನ್ ತಮ್ಮದೆಂದು ಅರ್ಜಿ ಹಾಕಿದ್ದರು. ವಿಚಾರಣೆಗೆ ಪ್ರಾಸರ್ ಎಂಬ ಅಧಿಕಾರಿ ಬಂದ. ದಕ್ಷಿಣದವನು, ತೆಳ್ಳಗಿನ ಮನುಷ್ಯ. ಅವನ ದಕ್ಷಿಣದ ಮಾತು ಕೇಳಿ ನಮ್ಮ ಉತ್ತರದವರು ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು.

ನೆಸ್ಟಾಳಿಗೆ ಮಾತ್ರ ನಗು ಬರಲಿಲ್ಲ. ನಮ್ಮ ಬೆಟ್ಟದ ಕುರಿಗೆ ಬೇಲಿಯಿಲ್ಲ. ತಾಯಿ ಮೇಯ್ದ ಜಾಗದಲ್ಲೇ ಮರಿ ಮೇಯುತ್ತದೆ, ಅದರ ಮರಿಯೂ ಅಲ್ಲೇ. ಇನ್ನೊಂದು ಕಣಿವೆಗೆ ಅಟ್ಟಿದರೆ ಮಾರನೆಯ ಬೆಳಗ್ಗೆ ವಾಪಸು ಬಂದು ನಿಂತಿರುತ್ತದೆ. ಕುಮ್ ಹಾಲೆನ್ ಇಡ್ವಲ್‌ಗೆ ಹೋದರೆ ಅಲ್ಲಿ ಬೇರೂರಿದ ಅವಳ ಎಪ್ಪತ್ತು ಕುರಿಗಳನ್ನು ಕಟುಕರಿಗೆ ಕೊಡುವುದೊಂದೇ ದಾರಿ. ಉಳಿದ ಕುರಿಗಳಿಂದ ಹಾವೊದ್ ಲಾಸ್‌ನಲ್ಲಿ ಒಬ್ಬರ ಹೊಟ್ಟೆ ತುಂಬಬಹುದು, ಇಬ್ಬರದಲ್ಲ. ಅವಳ ಮಗಳು ಮೆರೆರಿದ್‌ಗೆ ಹತ್ತೊಂಬತ್ತು ವರ್ಷ. ಕುರಿ ಸಾಕಣೆ ಕಲಿತು ಬಂದು, "ಈ ಮನೆ ನಾನೇ ನಡೆಸ್ತೀನಿ ಅಮ್ಮ" ಎಂದು ಆ ಚಳಿಗಾಲದಲ್ಲಷ್ಟೇ ಹೇಳಿದ್ದಳು. ಆ ಮಾತು ಕೇಳಿದಂದಿನಿಂದ ನೆಸ್ಟಾಳ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಈಗ ಅದೇ ಮಾತು ನೆನೆದು ಕುರಿಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದಳು.

ವಿಚಾರಣೆ ನಡೆದದ್ದು ಚಾಪೆಲ್ಲಿನ ಪಕ್ಕದ ಹಾಲಿನಲ್ಲಿ. ಸುತ್ತಲಿನ ಮನೆಗಳೆಲ್ಲ ಖಾಲಿ. ಕಾದಿ ಚಹಾ ಬಗ್ಗಿಸುತ್ತ, ಒಣದ್ರಾಕ್ಷಿ ರೊಟ್ಟಿಯ ಚೂರುಗಳಿಗೆ ಬೆಣ್ಣೆ ಸವರುತ್ತ ಓಡಾಡುತ್ತಿದ್ದಳು.

"ಕಾಗದಪತ್ರ ಏನಾದ್ರೂ ಇದೆಯಾ?" ಎಂದ ಪ್ರಾಸರ್.

"ಇಲ್ಲ" ಎಂದ ಇಡ್ವಲ್.

"ಇಲ್ಲ" ಎಂದಳು ನೆಸ್ಟಾ.

"ಮತ್ತೇನಿದೆ?"

"ಹೆಸರಿದೆ" ಎಂದಳು ನೆಸ್ಟಾ. "ಆ ಹೆಸರು ಯಾಕೆ ಬಂತು ಅಂತ ಹೇಳೋಕೆ ಯಾರಿಗೆ ಬರುತ್ತೋ ಕಣಿವೆ ಅವರದ್ದು."

"ಅದು ಸರಿಯಾದ ಮಾತು!" ಎಂದು ಇಡ್ವಲ್ ಎದ್ದೇಬಿಟ್ಟ. ಎದ್ದವನು ಕಾಲು ಗಂಟೆ ಕೂರಲಿಲ್ಲ. ಉಪ್ಪಿನ ಮೇಲೆ ರಾಜನ ಸುಂಕ ಇದ್ದ ಕಾಲವಂತೆ. ಅವನ ಮುತ್ತಜ್ಜನ ಅಜ್ಜ ದೋಣಿಯಲ್ಲಿ ಕಳ್ಳ ಉಪ್ಪು ತಂದು ಕಣಿವೆಯ ಗುಹೆಯಲ್ಲಿ ಬಚ್ಚಿಟ್ಟು, ಬಡವರ ಮನೆಮನೆಗೆ ಹಂಚಿದನಂತೆ. ಸುಂಕದವರು ಬಂದಾಗ ಗುಹೆಯ ಬಾಯಿಗೆ ಅಡ್ಡ ನಿಂತು ಮೂವರನ್ನು ಕೆಳಗುರುಳಿಸಿದನಂತೆ.

"ಹೋದ ವರ್ಷ ಇಬ್ಬರೇ ಇದ್ರು" ಎಂದು ಹಿಂದಿನಿಂದ ಕಾದಿ ಅಂದಳು. ಹಾಲ್ ಘೊಳ್ಳೆಂದಿತು.

"ನೀನು ಚಹಾ ಕೊಡೋದು ನೋಡು!" ಎಂದ ಅಣ್ಣ. "ಗುಹೆ ನಮ್ಮದು ಸಾರ್, ಉಪ್ಪು ನಮ್ಮದು, ಅಂದ್ಮೇಲೆ ಕಣಿವೆ ಯಾರದ್ದು ನೀವೇ ಹೇಳಿ."

ನೆಸ್ಟಾಳ ಮಾತು ಎರಡೇ ನಿಮಿಷ. "ನಮ್ಮಜ್ಜಿ ಹೇಳ್ತಿದ್ದಳು. ಬೆಟ್ಟಕ್ಕೆ ಹೊಸದಾಗಿ ಕುರಿ ತಂದಾಗ ಅವು ನಿಲ್ಲೋದಿಲ್ಲ, ಚದುರಿ ಹೋಗ್ತವೆ. ನಮ್ಮ ಮನೆ ಹೆಂಗಸು ಒಬ್ಬಳು ದಿನಾ ಬೆನ್ನ ಮೇಲೆ ಉಪ್ಪು ಹೊತ್ತುಕೊಂಡು ಹೋಗಿ, ಒಂದು ಹಾಸುಗಲ್ಲಿನ ಮೇಲೆ ಸುರೀತಿದ್ದಳು. ಉಪ್ಪಿನ ಆಸೆಗೆ ಕುರಿ ಅಲ್ಲೇ ನಿಂತವು. ಕಣಿವೇಲಿ ಇವತ್ತು ಇರೋದೆಲ್ಲ ಆ ಕುರಿಗಳ ವಂಶವೇ. ಕುರಿ ನಿಲ್ಲಿಸಿದವರದ್ದೇ ಕಣಿವೆ."

"ಆ ಕಲ್ಲು ನೋಡಿದ್ದೀರಾ?"

"ಇಲ್ಲ."

"ನಿಮ್ಮ ಅಜ್ಜಿ?"

"ಅವಳೂ ನೋಡಿರಲಿಲ್ಲ."

"ಕಲ್ಲಿಗೆ ಕಾಲು ಬಂದು ಹೋಯ್ತೋ ಏನೋ" ಎಂದ ಇಡ್ವಲ್. ಈ ಸಲ ನಕ್ಕವರು ಇನ್ನೂ ಹೆಚ್ಚು. ನೆಸ್ಟಾಳ ಕಿವಿ ಬಿಸಿಯಾದವು.

ಪ್ರಾಸರ್ ಚಹಾದ ಕೊನೆಯ ಗುಟುಕು ಕುಡಿದು ಬಟ್ಟಲು ಕೆಳಗಿಟ್ಟ. "ಎರಡು ಕತೇನೂ ಚೆನ್ನಾಗಿದೆ. ನಾಳೆ ಐದು ಗಂಟೆ ಬಸ್ಸಿಗೆ ನಾನು ಹೊರಡಬೇಕು. ಅಷ್ಟರೊಳಗೆ ನನಗೆ ಕಣ್ಣಲ್ಲಿ ನೋಡೋಕೆ ಏನಾದ್ರೂ ತೋರಿಸಿ. ಗುಹೆಯಾದ್ರೂ ಸರಿ, ಕಲ್ಲಾದ್ರೂ ಸರಿ. ಯಾರ ಕತೆ ನಿಜ ಅಂತ ಕಾಣುತ್ತೋ ಅವರ ಹೆಸರು ಬರೀತೀನಿ."

ಮಾರನೆಯ ದಿನ ಬೆಟ್ಟ ಹತ್ತಿದವರು ಮೂವತ್ತು ಜನಕ್ಕೆ ಕಡಿಮೆಯಿಲ್ಲ. ಉಣ್ಣೆ ಕತ್ತರಿಸುವ ಕೆಲಸ ತಲೆ ಮೇಲಿತ್ತು, ಆದರೂ ಯಾರಿಗೂ ಮನೆಯಲ್ಲಿ ಕೂರಲು ಮನಸ್ಸಿರಲಿಲ್ಲ. ಬಿಸಿಲು ಬಿದ್ದಿತ್ತು, ಒಂದೆಲೆ ಅಲುಗುವಷ್ಟೂ ಗಾಳಿಯಿರಲಿಲ್ಲ. ನೆಸ್ಟಾ ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದಳು. ಹೆಗಲ ಮೇಲೆ ಗುದ್ದಲಿ, ಹಿಂದೆ ಸನಿಕೆ ಹಿಡಿದ ಮೆರೆರಿದ್, ಅವಳ ಕಾಲ ಬುಡದಲ್ಲಿ ನಾಯಿ ಮೋಟ್.

"ಅಮ್ಮ, ನಿಧಾನ. ಬೆಟ್ಟ ಎಲ್ಲೂ ಓಡಿಹೋಗಲ್ಲ."

"ಬಸ್ಸು ಓಡಿಹೋಗುತ್ತೆ!"

ಮೊದಲು ಇಡ್ವಲ್‌ನ ಗುಹೆ. ಬಂಡೆಯ ಬುಡದಲ್ಲಿ ಅದು ಇದ್ದದ್ದಂತೂ ನಿಜ. ಪ್ರಾಸರ್ ಮೊಣಕಾಲೂರಿ ತಲೆ ತೂರಿಸಿದ. ತಲೆ ಹೋಯಿತು, ಭುಜ ಹೋಗಲಿಲ್ಲ. ಹೊರಗೆ ಬರುವಾಗ ಟೋಪಿ ಒಳಗೇ ಉಳಿಯಿತು, ಅದನ್ನು ತರಲು ಮೋಟ್ ಹೋಗಬೇಕಾಯಿತು.

"ಇದ್ರೊಳಗೆ ಉಪ್ಪಿನ ಚೀಲ ಇಟ್ಟಿದ್ನಾ ನಿಮ್ಮ ಮುತ್ತಜ್ಜ?" ಎಂದಳು ನೆಸ್ಟಾ. "ಒಂದು ಉಪ್ಪಿನ ಡಬ್ಬಿ ಹಿಡಿಸಿದ್ರೆ ಹೆಚ್ಚು."

"ಆಗ ದೊಡ್ಡದಿತ್ತು!"

"ಬಂಡೆ ನೆನೆದು ಕುಗ್ಗಿತಾ ಅಣ್ಣ?" ಎಂದಳು ಕಾದಿ.

ಎಲ್ಲರೂ ನಕ್ಕರು. ಪ್ರಾಸರ್ ಮಾತ್ರ ಟೋಪಿಯ ಮಣ್ಣು ಕೊಡವಿ, ಪುಸ್ತಕ ತೆಗೆದು, "ಗುಹೆ ಇದೆ, ಚಿಕ್ಕದು" ಎಂದು ಬರೆದುಕೊಂಡ. ನೆಸ್ಟಾಳ ನಗು ನಿಂತಿತು. ಚಿಕ್ಕದಾದರೇನು, ಇದೆಯಲ್ಲ. ಅವಳ ಕಲ್ಲು ಇನ್ನೂ ಬಾಯಿಮಾತಿನಲ್ಲೇ ಇತ್ತು.

ನೀರಿನ ಬದಿಯಲ್ಲಿರಬೇಕು ಎಂದುಕೊಂಡು ಅಲ್ಲಿ ಅಗೆದಳು. ಕಪ್ಪು ಮಣ್ಣು ಬಂತು. ಹುಲ್ಲು ಚೆನ್ನಾಗಿ ಬೆಳೆದ ಕಡೆ ಅಗೆದಳು. ಮತ್ತೂ ಕಪ್ಪು ಮಣ್ಣು. ಹಳೆಯ ದೊಡ್ಡಿಯ ಗೋಡೆ ಬಿದ್ದಿದ್ದ ಕಡೆ ಅವಳೂ ಮಗಳೂ ಸೊಂಟದುದ್ದ ಗುಂಡಿ ತೋಡಿದರು. ಕಲ್ಲುಗಳು ಸಿಕ್ಕವು, ಎಲ್ಲವೂ ಗೋಡೆಯ ಕಲ್ಲುಗಳೇ. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು. ಇಡ್ವಲ್ ಬಂಡೆಗೆ ಒರಗಿ ಪೈಪು ಹಚ್ಚಿದ್ದ, ಆದರೆ ಸೇದುವುದನ್ನು ಮರೆತು ಪ್ರತಿ ಗುಂಡಿಯನ್ನೂ ಕತ್ತು ಚಾಚಿ ನೋಡುತ್ತಿದ್ದ.

ಎರಡು ಗಂಟೆಯಾಯಿತು. "ಮೊದಲು ತಿನ್ನಿ, ಆಮೇಲೆ ಜಗಳ ಆಡಿ" ಎಂದು ಕಾದಿ ಬುಟ್ಟಿ ಬಿಚ್ಚಿದಳು. ಜನ ಹುಲ್ಲಿನ ಮೇಲೆ ಕುಳಿತು ಸದ್ದಡಗಿತು. ಬೆಳಗ್ಗಿನ ಗದ್ದಲಕ್ಕೆ ಬೆದರಿ ದಿಣ್ಣೆಯಾಚೆ ಓಡಿದ್ದ ಕುರಿಗಳು ಆಗ ಒಂದೊಂದಾಗಿ ತಲೆ ತೋರಿಸಿದವು. ಜನ ಅಲುಗದಿರುವುದನ್ನು ಕಂಡು ಸಾಲಾಗಿ ಇಳಿದವು. ಅವಳವೂ ಇದ್ದವು, ಇಡ್ವಲ್‌ನವೂ ಇದ್ದವು.

ಇಳಿದ ಕುರಿಗಳು ಸೊಂಪಾದ ಹುಲ್ಲಿನ ಕಡೆ ಹೋಗಲಿಲ್ಲ. ಜಾರುಗಲ್ಲುಗಳ ಬುಡದಲ್ಲಿದ್ದ ಒಂದು ಬೋಳು ದಿಬ್ಬದ ಮೇಲೆ ಹೋಗಿ ಗುಂಪುಗೂಡಿ ನಿಂತು, ಮೂತಿ ನೆಲಕ್ಕೆ ತಾಗಿಸಿದವು. ಸ್ವಲ್ಪ ಹೊತ್ತು ಹಾಗೇ ನಿಂತಿದ್ದು ಆಮೇಲೆ ಮೇಯಲು ಚದುರಿದವು.

ನೆಸ್ಟಾಳ ಬಾಯಿಯ ರೊಟ್ಟಿ ಬಾಯಲ್ಲೇ ಉಳಿಯಿತು.

ಇದನ್ನು ಅವಳು ನೂರು ಸಲ ನೋಡಿದ್ದಳು. ಕಣಿವೆಗೆ ಬಂದ ಕುರಿ ಮೊದಲು ಅಲ್ಲಿ ನಿಲ್ಲುತ್ತದೆ, ಆಮೇಲೆ ಮೇಯುತ್ತದೆ. ಗಾಳಿಗೆ ಮರೆ ಎಂದು ನಿಲ್ಲುತ್ತವೆ ಎಂದುಕೊಂಡಿದ್ದಳು. ಇವತ್ತು ಗಾಳಿಯೇ ಇಲ್ಲ. ಮೂತಿ ತಾಗಿಸಿ ತಿನ್ನಲು ಅಲ್ಲಿ ಹುಲ್ಲೂ ಇಲ್ಲ. ಹಾಗಾದರೆ ಯಾಕೆ ನಿಲ್ಲುತ್ತವೆ? ತಾಯಿ ನಿಲ್ಲುತ್ತಿತ್ತು, ಅದಕ್ಕೆ. ತಾಯಿಯ ತಾಯಿ ನಿಲ್ಲುತ್ತಿತ್ತು, ಅದಕ್ಕೆ.

"ಮೆರೆರಿದ್! ಸನಿಕೆ! ಅಲ್ಲಿ, ಅಲ್ಲಿ!"

ಐವತ್ತರ ಹೆಂಗಸು ಚಿಕ್ಕ ಹುಡುಗಿಯ ಹಾಗೆ ಓಡಿದಳು. ಬುಟ್ಟಿ ಉರುಳಿತು, ಮೋಟ್ ಬೊಗಳಿತು, ಮೂವತ್ತು ಜನರೂ ಏನೆಂದು ತಿಳಿಯದೆಯೇ ಅವಳ ಹಿಂದೆ ಓಡಿದರು. ಮೇಲಿನಿಂದ ಜಾರಿ ಬಿದ್ದ ಸಣ್ಣ ಕಲ್ಲುಗಳ ಪದರ, ಅದರ ಮೇಲೆ ತೆಳುವಾದ ಪಾಚಿ. ಗುದ್ದಲಿ ಹಾಕಿದರೆ ಕಿಡಿ ಹಾರುತ್ತಿತ್ತು. ಅಮ್ಮ ಅಗೆದಳು, ಮಗಳು ಎತ್ತಿ ಹಾಕಿದಳು. ಮೊಣಕಾಲುದ್ದ ಇಳಿದರೂ ಸಿಕ್ಕದ್ದು ಜಲ್ಲಿ, ಬರೀ ಜಲ್ಲಿ.

"ಹಾಗಾ ಅಗೆಯೋದು?" ಎಂದು ಕೂಗಿದ ಇಡ್ವಲ್. ಇಷ್ಟು ಹೊತ್ತು ಅವನು ಹೇಗೆ ತಡೆದುಕೊಂಡಿದ್ದನೋ ಗೊತ್ತಿಲ್ಲ. ಕೋಟು ಕಿತ್ತೆಸೆದು ಗುಂಡಿಗೆ ಇಳಿದ. "ಕೊಡಿಲ್ಲಿ! ಓರೆಗೆ ಹಾಕಬೇಕು, ಓರೆಗೆ!"

"ಅಣ್ಣ, ನೀನು ಯಾರ ಕಡೆ?" ಎಂದಳು ಕಾದಿ.

"ಸುಮ್ನಿರೇ!"

ಅವನ ಮೂರನೆಯ ಏಟಿಗೆ ಸದ್ದು ಬದಲಾಯಿತು. ಮೂವರೂ ಕೈಯಿಂದ ಜಲ್ಲಿ ಬಾಚತೊಡಗಿದರು. ಮೊದಲು ಒಂದು ಅಂಚು ಕಂಡಿತು. ಆಮೇಲೆ ಊಟದ ಮೇಜಿನಷ್ಟು ಅಗಲದ, ಒಂದೇ ಸಮನಾದ ಹಾಸುಗಲ್ಲು. ಅದರ ಇಳಿಜಾರಿನ ಕಡೆಯ ಅಂಚಿನುದ್ದಕ್ಕೂ ಏಳು ಗುಳಿಗಳು. ಉಳಿಯ ಗುರುತಿಲ್ಲ, ಎಲ್ಲ ನಯ, ಬಟ್ಟಲಿನ ಒಳಮೈಯಷ್ಟು ನಯ. ಅವು ಕುರಿಯ ನಾಲಗೆಗಳು ಸವೆಸಿದ ಗುಳಿಗಳೆಂದು ಅಲ್ಲಿ ಯಾರಿಗೂ ಹೇಳಬೇಕಾಗಿರಲಿಲ್ಲ. ಎಷ್ಟು ನಾಲಗೆ, ಎಷ್ಟು ವರ್ಷ ಎಂದು ಲೆಕ್ಕ ಹಾಕುವ ಧೈರ್ಯವೂ ಯಾರಿಗೂ ಬರಲಿಲ್ಲ.

ಇಡ್ವಲ್ ಒಂದು ಗುಳಿಗೆ ಬೆರಳಿಟ್ಟು, ಬೆರಳನ್ನು ಬಾಯಿಗಿಟ್ಟ.

"ಉಪ್ಪಾ?" ಎಂದರು ಹತ್ತಾರು ಜನ.

"ಮಣ್ಣು" ಎಂದ. ಎಂದವನೇ ಪಕ್ಕದ ಗುಳಿಗೂ ಬೆರಳಿಟ್ಟ.

ನೆಸ್ಟಾ ಆ ಗುಳಿಗಳಿಗೆ ಎರಡೂ ಅಂಗೈ ಹಾಕಿ ಕುಳಿತುಬಿಟ್ಟಳು. ಅಳುತ್ತಿದ್ದಳು, ಅಳುತ್ತಲೇ ನಗುತ್ತಿದ್ದಳು. ಅಜ್ಜಿ ಸುಳ್ಳು ಹೇಳಿರಲಿಲ್ಲ. ಹೆಸರೂ ಸುಳ್ಳು ಹೇಳಿರಲಿಲ್ಲ. ಉಪ್ಪು ಇತ್ತು, ಇಲ್ಲಿ ಇತ್ತು, ಅವಳ ಕೈ ಕೆಳಗೇ ಇತ್ತು! ಅಷ್ಟು ಸಂತೋಷ ಅವಳಿಗೆ ಮದುವೆಯ ದಿನವೂ ಆಗಿರಲಿಲ್ಲ.

ಪ್ರಾಸರ್ ಕೂಡ ಮೊಣಕಾಲೂರಿ ಗುಳಿಯೊಂದನ್ನು ಸವರಿ ನೋಡಿದ. "ಕಲ್ಲು ಸಿಕ್ತು. ಹೆಸರು ಯಾಕೆ ಬಂತು ಅನ್ನೋದ್ರಲ್ಲಿ ಇನ್ನು ಅನುಮಾನ ಇಲ್ಲ. ಆದ್ರೆ ನೆಸ್ಟಾ ಅವರೇ, ಇಲ್ಲಿ ಉಪ್ಪು ಸುರಿದವರು ನಿಮ್ಮ ಮನೆಯವರು ಅಂತ ಹೇಳೋದು ಹೇಗೆ? ಎರಡು ಮನೆ ಕುರಿಗಳೂ ಬಂದು ನಿಂತವಲ್ಲ."

"ಇಲ್ಲಿ ಏನೋ ಕೆತ್ತಿದೆ!" ಎಂದು ಮೆರೆರಿದ್ ಕೂಗಿದಳು.

ಕಲ್ಲಿನ ಮೇಲ್ಮೈಯ ನಡುವೆ, ಮಣ್ಣು ಮೆತ್ತಿದ್ದ ಜಾಗದಲ್ಲಿ, ಅಂಗೈಯಗಲದ ಒಂದು ಚಿತ್ರ. ಕುರಿಯ ತಲೆ, ಎರಡು ಕಿವಿ. ಒಂದು ಕಿವಿಯ ಅಂಚಿನಲ್ಲಿ ಕಚ್ಚು. ಇನ್ನೊಂದು ಕಿವಿಯ ತುದಿಯೇ ಇಲ್ಲ.

ಜನ ಒಬ್ಬರ ಮೇಲೊಬ್ಬರು ಬಿದ್ದು ನೋಡಿದರು. ನಮ್ಮಲ್ಲಿ ಪ್ರತಿ ಮನೆಗೂ ಅದರದೇ ಕಿವಿಗುರುತು ಇದೆ. ಮರಿಯಿದ್ದಾಗಲೇ ಕುರಿಯ ಕಿವಿಯನ್ನು ಹಾಗೆ ಕತ್ತರಿಸುತ್ತಾರೆ. ಗುರುತು ಮನೆಯೊಂದಿಗೇ ಹೋಗುತ್ತದೆ, ಎಷ್ಟು ತಲೆಮಾರಾದರೂ ಬದಲಾಗುವುದಿಲ್ಲ. ಹಾವೊದ್ ಲಾಸ್‌ನ ಕುರಿಗೆ ಎಡಗಿವಿಯಲ್ಲಿ ಕಚ್ಚು, ಬಲಗಿವಿಯ ತುದಿ ಕತ್ತರಿಸಿದ್ದು. ಬ್ರಿನ್ ಹೀರ್‌ನದು ಅದನ್ನೇ ತಿರುಗಿಸಿದ್ದು: ಬಲಗಿವಿಯಲ್ಲಿ ಕಚ್ಚು, ಎಡಗಿವಿಯ ತುದಿ ಕತ್ತರಿಸಿದ್ದು. ಸೀಮೆಯ ಎಲ್ಲ ಗುರುತುಗಳೂ ಅಚ್ಚಾಗಿರುವ ಒಂದು ಪುಸ್ತಕವಿದೆ. ನಾವೆಲ್ಲ ಅಕ್ಷರಕ್ಕಿಂತ ಮೊದಲು ಕಲಿತದ್ದು ಅದನ್ನೇ. ಅದರಲ್ಲಿ ಎಡಗಿವಿಯನ್ನು ಹಾಳೆಯ ಎಡಕ್ಕೆ ಬರೆದಿರುತ್ತಾರೆ, ಬಲಗಿವಿಯನ್ನು ಬಲಕ್ಕೆ.

ಕಲ್ಲಿನ ಮೇಲೆ ಕಚ್ಚು ಇದ್ದದ್ದು ಎಡಕ್ಕೆ.

"ಹಾವೊದ್ ಲಾಸ್!" ಎಂದು ಯಾರೋ ಕೂಗಿದರು. "ಎಡಕ್ಕೆ ಕಚ್ಚು! ಹಾವೊದ್ ಲಾಸ್!" ಟೋಪಿಗಳು ಹಾರಿದವು. ಯಾರೋ ನೆಸ್ಟಾಳನ್ನು ಹಿಡಿದು ಸುತ್ತಿಸಿದರು. ಪ್ರಾಸರ್ ತನ್ನ ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದುಕೊಂಡ.

ಇಡ್ವಲ್‌ನ ಮುಖ ಒಮ್ಮೆ ಬಿಳುಚಿ, ಒಮ್ಮೆ ಕೆಂಪಾಯಿತು. ಅವನು ಗುಂಡಿಯಿಂದ ಮೇಲೆ ಬಂದು ನೆಸ್ಟಾಳ ಮುಂದೆ ನಿಂತ. ಅಂಗೈಗೆ ಉಗುಳಿ ಕೈ ಚಾಚಿದ. ನಮ್ಮ ಸಂತೆಯಲ್ಲಿ ಅಂಗೈಗೆ ಅಂಗೈ ಹೊಡೆದರೆ ಮಾತು ಮುಗಿದಂತೆ, ಅದಕ್ಕಿಂತ ದೊಡ್ಡ ರುಜು ಇಲ್ಲ.

"ಹೊಡಿ" ಎಂದ. "ಕಣಿವೆ ನಿನ್ನದು. ಸೋತೆ ಅಂತ ನನ್ನ ಬಾಯಲ್ಲಿ ಹೇಳಿಸಬೇಡ, ಅಷ್ಟೇ."

ನೆಸ್ಟಾ ಹೊಡೆದಳು. ಚಟಾರೆಂದು ಬಂಡೆಗೆ ತಾಗಿ ಮರುದನಿ ಬಂತು. ಜನ ಮತ್ತೊಮ್ಮೆ ಕೂಗಿದರು.

ಎಲ್ಲರಿಗೂ ಚೆನ್ನಾಗಿ ಕಾಣಲೆಂದು ಮೆರೆರಿದ್ ಬಾಟಲಿಯಲ್ಲಿ ಉಳಿದಿದ್ದ ಚಹಾ ಸುರಿದು ಚಿತ್ರವನ್ನು ಬೆರಳಿಂದ ಉಜ್ಜುತ್ತಿದ್ದಳು. ಕೆತ್ತನೆಯ ಸಂದಿಗಳ ಮಣ್ಣು ಕರಗಿ ಹರಿಯಿತು. ಅವಳ ಬೆರಳು ನಿಂತಿತು. ಒಮ್ಮೆ ತಲೆ ಎತ್ತಿ ಅಮ್ಮನನ್ನು ನೋಡಿ ಮತ್ತೆ ತಗ್ಗಿಸಿದಳು.

ನೆಸ್ಟಾ ಬಗ್ಗಿದಳು. ತಲೆಯ ನಡುವೆ ಎರಡು ಸಣ್ಣ ಕುಳಿಗಳು ಕಾಣುತ್ತಿದ್ದವು. ಅವು ಕಣ್ಣುಗಳು.

ಪುಸ್ತಕದ ಕುರಿಗೆ ಕಣ್ಣಿರುವುದಿಲ್ಲ. ಅದು ಕುರುಬ ಕುರಿಯ ಬೆನ್ನ ಕಡೆಯಿಂದ ನೋಡುವ ತಲೆ. ಈ ಕುರಿಗೆ ಕಣ್ಣಿದ್ದವು. ಇದು ಎದುರಿಗೆ ನಿಂತು ನೋಡುತ್ತಿತ್ತು. ಎದುರಿಗೆ ನಿಂತ ಕುರಿಯ ಎಡಗಿವಿ ನೋಡುವವರ ಬಲಕ್ಕೆ ಬರುತ್ತದೆ.

ಸುತ್ತ ಜನ ಬೆನ್ನು ತಟ್ಟುತ್ತಿದ್ದರು, ಕಾದಿ ಚಹಾ ಹಂಚುತ್ತಿದ್ದಳು. ಕಣ್ಣಿನ ಕಡೆ ಯಾರ ಲಕ್ಷ್ಯವೂ ಇರಲಿಲ್ಲ. ಅವಳು ಕಲ್ಲನ್ನು ಸುತ್ತಿ ಬಂದು, ಚಿತ್ರದ ತಲೆಯ ಹಿಂದೆ, ಮರಿಗೆ ಕಿವಿ ಕತ್ತರಿಸುವಾಗ ನಿಲ್ಲುವ ಹಾಗೆ ಎರಡು ಕಾಲು ಅಗಲಿಸಿ ನಿಂತು ಬಗ್ಗಿದಳು. ಸಾವಿರ ಮರಿಗಳನ್ನು ಮಂಡಿಗಳ ನಡುವೆ ಹಿಡಿದ ಹೆಂಗಸು ಅವಳು. ಕೈಗಳು ತಾವಾಗಿಯೇ ಕಿವಿಗಳಿಗೆ ಹೋದವು. ಬಲಗೈಗೆ ಕಚ್ಚು ಸಿಕ್ಕಿತು. ಎಡಗೈಗೆ ತುದಿಯಿಲ್ಲದ ಕಿವಿ ಸಿಕ್ಕಿತು.

ಬ್ರಿನ್ ಹೀರ್.

ಸುಮ್ಮನಿದ್ದರೆ ಮುಗಿಯಿತು. ಪ್ರಾಸರ್ ಬರೆದಾಗಿದೆ, ಇಡ್ವಲ್ ಕೈ ಕೊಟ್ಟಾಗಿದೆ. ಎಪ್ಪತ್ತು ಕುರಿ, ಮನೆ, ಮಗಳು. ಇಷ್ಟನ್ನೂ ಅವಳು ಅಂದುಕೊಂಡಳು, ಅಂದುಕೊಳ್ಳಲಿಲ್ಲ ಎಂದು ನಾನು ಬರೆದರೆ ಅದು ಸುಳ್ಳಾಗುತ್ತದೆ. ಅಂದುಕೊಳ್ಳುತ್ತಿರುವಾಗಲೇ ಬಾಯಿ ತೆರೆದುಕೊಂಡಿತು.

"ಇಡ್ವಲ್, ಬಾ ಇಲ್ಲಿ. ನಾನು ನಿಂತ ಕಡೆ ನಿಂತ್ಕೋ."

"ಯಾಕೆ?"

"ನಿಂತ್ಕೋ ಅಂದೆ. ಕಿವಿ ಹಿಡಿ."

ಅವನು ಹೊಟ್ಟೆ ಸಾವರಿಸಿಕೊಂಡು ನಿಂತು, ಬಗ್ಗಿ, ಹಿಡಿದ. ಬೆರಳುಗಳು ಒಮ್ಮೆ ತಡವರಿಸಿದವು. ಇನ್ನೊಮ್ಮೆ ಹಿಡಿದ. ತಲೆಯನ್ನು ಅಷ್ಟು ಬೇಗ ಎತ್ತಲಿಲ್ಲ.

"ಕಣ್ಣು ನೋಡು" ಎಂದಳು ನೆಸ್ಟಾ. "ನಾವೆಲ್ಲ ಪುಸ್ತಕದ ಕುರಿ ನೋಡಿದ ಹಾಗೆ ನೋಡಿದ್ವಿ. ಇದು ನಮ್ಮ ಕಡೆ ಮುಖ ಮಾಡಿದೆ. ಕಲ್ಲು ನಿಮ್ಮದು, ಉಪ್ಪು ಹೊತ್ತವಳು ನಿಮ್ಮ ಮನೆಯವಳು. ಪ್ರಾಸರ್ ಸಾರ್, ಬರೆದದ್ದು ಹೊಡೆದುಹಾಕಿ."

ಒಬ್ಬೊಬ್ಬರೂ ಬಂದು ಬಗ್ಗಿ ಕಣ್ಣು ನೋಡಿದರು. ನೋಡಿದವರು ಟೋಪಿ ಸರಿಪಡಿಸಿಕೊಂಡು ಪಕ್ಕಕ್ಕೆ ಸರಿದರು. ಪ್ರಾಸರ್ ರಬ್ಬರಿಗಾಗಿ ಜೇಬು ತಡಕತೊಡಗಿದ.

"ನಿಲ್ಲಿ ಸಾರ್" ಎಂದ ಇಡ್ವಲ್. "ನಾನು ಕೈ ಕೊಟ್ಟಾಗಿದೆ."

"ತಪ್ಪು ತಿಳಿದು ಕೊಟ್ಟೆ" ಎಂದಳು ನೆಸ್ಟಾ.

"ಕೈ ಅಂದ್ರೆ ಕೈ. ಸಂತೇಲಿ ಕುಂಟುಕುರಿ ಕೊಂಡ್ರೂ ನಾನು ವಾಪಸ್ ಕೊಟ್ಟೋನಲ್ಲ. ಕಣಿವೆ ನಿನ್ನದು."

"ಕಲ್ಲಿನ ಮೇಲೆ ನಿನ್ನ ಗುರುತಿದೆಯಲ್ಲೋ! ಕಣಿವೆ ನಿನ್ನದು!"

"ಕಲ್ಲು ಹುಡುಕಿದೋಳು ನೀನು! ನಾನು ಗುಹೆ ಗುಹೆ ಅಂತ ಬೊಗಳ್ತಿದ್ದೆ!"

"ಹುಡುಕಿದ್ದೆಲ್ಲ ಹುಡುಕಿದೋರದ್ದೇ ಆದ್ರೆ ಮೋಟ್‌ಗೆ ಬರೆಸಬೇಕು ಬೆಟ್ಟಾನ! ನಿನ್ನದು ಅಂದೆನಲ್ಲ!"

"ನಿನ್ನದು!"

ಮೂವತ್ತು ವರ್ಷ ನನ್ನದು ನನ್ನದು ಎಂದು ಕೂಗಿದ ಅದೇ ಎರಡು ಗಂಟಲುಗಳು ಅದೇ ಸಿಟ್ಟಿನಲ್ಲಿ, ಇನ್ನೂ ಸ್ವಲ್ಪ ಜೋರಾಗಿಯೇ, ನಿನ್ನದು ನಿನ್ನದು ಎಂದು ಕೂಗಿದವು. ಕುರಿಗಳು ಮತ್ತೆ ದಿಣ್ಣೆಯಾಚೆ ಓಡಿದವು. ಕಾದಿ ಹೊಟ್ಟೆ ಹಿಡಿದುಕೊಂಡು ಹುಲ್ಲಿನ ಮೇಲೆ ಕುಳಿತುಬಿಟ್ಟಳು.

"ಒಂದು ನಿಮಿಷ" ಎಂದ ಪ್ರಾಸರ್. ಅವನ ತೆಳ್ಳಗಿನ ದನಿ ಯಾರಿಗೂ ಕೇಳಲಿಲ್ಲ. ಸನಿಕೆಯಿಂದ ಕಲ್ಲಿಗೆ ಬಡಿದ. "ಒಂದು ನಿಮಿಷ! ಇಬ್ಬರೂ ನಮ್ಮದಲ್ಲ ಅಂದ್ರೆ ಎರಡು ಅರ್ಜೀನೂ ಬಿದ್ದುಹೋಗುತ್ತೆ. ಕಣಿವೆ ಸರ್ಕಾರಕ್ಕೆ ಹೋಗುತ್ತೆ."

ಇಬ್ಬರೂ ಒಟ್ಟಿಗೆ ಅವನ ಕಡೆ ತಿರುಗಿದರು. "ಯಾರಿಗೆ?"

"ಸರ್ಕಾರಕ್ಕೆ."

"ಸರ್ಕಾರದ ಕುರಿ ಎಲ್ಲಿವೆ?" ಎಂದಳು ನೆಸ್ಟಾ.

"ಸರ್ಕಾರದ ಅಜ್ಜಿ ಯಾವಾಗ ಉಪ್ಪು ಹೊತ್ತಳು?" ಎಂದ ಇಡ್ವಲ್. ಇಬ್ಬರೂ ಸೇರಿ ಅವನ ಮೇಲೆ ಹೀಗೆ ಬಿದ್ದಾಗ ಬಡಪಾಯಿ ಪ್ರಾಸರ್ ಎರಡು ಹೆಜ್ಜೆ ಹಿಂದೆ ಸರಿದು ಗುಂಡಿಯ ಅಂಚಿಗೆ ಬಂದಿದ್ದ.

"ಹಾಗಾದ್ರೆ ಇಬ್ಬರ ಹೆಸರೂ ಬರೀರಿ" ಎಂದ ಇಡ್ವಲ್.

"ಬರೆಯೋಕೆ ಒಂದೇ ಗೆರೆ ಇದೆ."

"ಸಣ್ಣಕ್ಷರದಲ್ಲಿ ಬರೀರಿ ಸಾರ್. ಬರೆಯೋದು ಕಲಿತಿಲ್ವಾ ನೀವು?"

ಪ್ರಾಸರ್ ಸ್ವಲ್ಪ ಹೊತ್ತು ಪುಸ್ತಕ ನೋಡಿದ, ಕಲ್ಲು ನೋಡಿದ, ಗಡಿಯಾರ ನೋಡಿದ. ಪೆನ್ಸಿಲನ್ನು ಚಾಕುವಿನಿಂದ ಚೂಪು ಮಾಡಿ, ಕಲ್ಲಿನ ಮೇಲೆಯೇ ಪುಸ್ತಕವಿಟ್ಟು ಬರೆದ. ಯಾರ ಹೆಸರು ಮೊದಲು ಎಂದು ಮತ್ತೊಂದು ಜಗಳ ಹತ್ತಿಕೊಳ್ಳುವುದರಲ್ಲಿತ್ತು. ಅಷ್ಟರಲ್ಲಿ ಕಾದಿ, "ಬಸ್ಸು ಹೊರಡುತ್ತೆ ಸಾರ್" ಎಂದದ್ದರಿಂದ ಎಲ್ಲರೂ ದಡಬಡ ಇಳಿಯತೊಡಗಿದರು. ಮುಂದೆ ಇಡ್ವಲ್‌ನ ದನಿ ಕೇಳುತ್ತಿತ್ತು. ತನ್ನ ಮುತ್ತಜ್ಜನ ಅಜ್ಜಿ ದಿನಕ್ಕೆ ಎರಡು ಮಣ ಉಪ್ಪು ಹೊರುತ್ತಿದ್ದಳೆಂದು ಅವನು ಆಗಲೇ ಶುರುಮಾಡಿದ್ದ.

ಅಮ್ಮ ಮಗಳು ಕೊನೆಯಲ್ಲಿ ಉಳಿದರು. ಸಲಕರಣೆ ಒಟ್ಟುಮಾಡುತ್ತ ಮೆರೆರಿದ್ ಸನಿಕೆಯ ಮಣ್ಣನ್ನು ಹುಲ್ಲಿಗೆ ಒರೆಸಿದಳು. ಆಮೇಲೆ ಅಂದಳು, "ಅಮ್ಮ, ಆ ಕಣ್ಣು ನಿನಗಿಂತ ಮೊದಲು ನನಗೆ ಕಂಡಿತ್ತು."

ನೆಸ್ಟಾ ತಿರುಗಿ ನೋಡಿದಳು.

"ಸುಮ್ಮನಿದ್ದೆ. ಕುರಿ ಹೋಗ್ತಾವೆ ಅಂತ ಅಲ್ಲ. ನಿನ್ನ ಮುಖದಲ್ಲಿ ಅಷ್ಟು ಖುಷಿ ನಾನು ಹುಟ್ಟಿದಾಗಿಂದ ನೋಡಿರಲಿಲ್ಲ. ಅದನ್ನ ನಾನು ಕೆಡಿಸಲಾ ಅನ್ನಿಸ್ತು."

ನೆಸ್ಟಾ ಗುದ್ದಲಿ ಕೆಳಗಿಟ್ಟಳು. ಮಗಳ ಕೆನ್ನೆಗೆ ಮೆತ್ತಿದ್ದ ಮಣ್ಣನ್ನು ಹೆಬ್ಬೆರಳಿನಿಂದ ಒರೆಸಿದಳು, ಅವಳ ಹೆಬ್ಬೆರಳಲ್ಲೇ ಹೆಚ್ಚು ಮಣ್ಣಿದ್ದುದರಿಂದ ಕೆನ್ನೆ ಇನ್ನಷ್ಟು ಕೊಳೆಯಾಯಿತು.

"ಕಲ್ಲು ಸಿಕ್ಕಿದ್ದಕ್ಕೆ ಕಣೇ ಆ ಖುಷಿ" ಎಂದಳು. "ಅದು ಯಾರದ್ದು ಅಂತ ಗೊತ್ತಾದ್ಮೇಲೂ ಹೋಗಿರಲಿಲ್ಲ. ನೋಡು, ಇನ್ನೂ ಇದೆ."

ಅವಳು ಬಗ್ಗಿ ಎರಡೂ ಅಂಗೈಗಳನ್ನು ಮತ್ತೆ ಆ ಗುಳಿಗಳಿಗೆ ಹಾಕಿದಳು. ಈ ಸಲ ಅಳಲಿಲ್ಲ, ಬರೀ ನಕ್ಕಳು.